ಇಪ್ಪತ್ತಮೂರನೇ ನಂಬರಿನ ಹುಡುಗಿ

"ಡಾಕ್ಟ್ರೇ, ನಾನೇನೂ ಕಾಣೆಯಾಗಿಲ್ಲ. ಇಲ್ಲೇ ಪೀಣ್ಯದಲ್ಲೇ ಇದ್ದೀನಿ!"

ಊರ್ಮಿಳಾ ಕಾರ್ಖಾನೆಯ ದವಾಖಾನೆಗೆ ನುಗ್ಗಿ, ಇಂಗ್ಲಿಷ್ ವೈದ್ಯ ಪತ್ರಿಕೆಯೊಂದನ್ನು ಮೇಜಿನ ಮೇಲೆ ಬಡಿದಳು. ಆ ತಿಂಗಳಿಂದಷ್ಟೇ ಶನಿವಾರಕ್ಕೊಮ್ಮೆ ದೊಡ್ಡಾಸ್ಪತ್ರೆಯಿಂದ ಬರುತ್ತಿದ್ದ ಡಾಕ್ಟರ್ ರಾಮಾಂಜಿನಪ್ಪ ಬರೆದ ಲೇಖನ ಅದರಲ್ಲಿತ್ತು. ಕಿಡ್ನಿ ಕಸಿ ಮಾಡಿಸಿಕೊಂಡವರು, ಕಿಡ್ನಿ ಕೊಟ್ಟವರು ಆಮೇಲೆ ಹೇಗಿದ್ದಾರೆ ಎಂಬ ವಿವರ. ಕೊಟ್ಟವರು ನಲವತ್ತು ಜನ. ಎಲ್ಲರೂ ಗಟ್ಟಿಮುಟ್ಟು, ಇಪ್ಪತ್ತಮೂರನೇ ನಂಬರಿನ ಮುಂದೆ ಮಾತ್ರ 'ಪತ್ತೆಯಿಲ್ಲ'.

ಮೂರು ವರ್ಷದ ಹಿಂದೆ ಅಣ್ಣ ಪುಟ್ಟಣ್ಣನಿಗೆ ಕಿಡ್ನಿ ಕೊಟ್ಟ ಆ ಇಪ್ಪತ್ತಮೂರು ಇವಳೇ; ಆಸ್ಪತ್ರೆಯ ಚೀಟಿಯಲ್ಲೂ ಅದೇ ನಂಬರು. ಕಾರ್ಖಾನೆಯಲ್ಲಿ ಬೇರಿಂಗ್ ಇನ್‌ಸ್ಪೆಕ್ಷನ್ ಕೆಲಸ. ಕೂದಲೆಳೆಯಷ್ಟು ತಪ್ಪಿದ್ದರೂ ಬಿಡುವವಳಲ್ಲ.

"ನಮ್ಮಲ್ಲಿ ಒಂದು ಪೀಸ್ ಕಾಣದಿದ್ರೆ ಹುಡುಕ್ತೀವಿ ಸಾರ್. ನೀವು ಬರೆದು ಕೈ ತೊಳ್ಕೊಂಡ್ಬಿಟ್ರಾ?"

"ನಾಲ್ಕು ಕಾಗದ ಹಾಕಿದೆ ಕಣ್ರೀ, ನಾಲ್ಕೂ ವಾಪಸ್ ಬಂತು. ನಿಮ್ಮಣ್ಣನ್ನ ಕೇಳಿದ್ರೆ, ಮದುವೆಯಾಗಿ ಬೊಂಬಾಯಿಗೆ ಹೋದ್ಲು ಅಂದ್ರು!"

ಅಣ್ಣನ ಬಾಯಲ್ಲಿ ಹಾಗೆ ಹೇಳಿಸಿದ್ದು ಅಮ್ಮ ನಾಗಲಕ್ಷ್ಮಮ್ಮನ ಕಾರುಬಾರು! ಒಂದೇ ಕಿಡ್ನಿಯವಳೆಂದರೆ ಗಂಡು ಸಿಗುವುದಿಲ್ಲವೆಂದು ಬೀದಿಗೆಲ್ಲ ಅಪೆಂಡಿಕ್ಸ್ ಆಪರೇಷನ್ ಎಂದು ಸಾರಿದ್ದಳು. ಆಸ್ಪತ್ರೆಯ ಕಾಗದ ಬಂದರೆ ಪೋಸ್ಟ್‌ಮ್ಯಾನ್ ಕೈಗೇ ಹಿಂದಿರುಗಿಸುತ್ತಿದ್ದಳು. ಆದರೂ ಈಚೆಗೆ ಆನೇಕಲ್ಲಿನಿಂದ ಅವಳನ್ನು ನೋಡಲು ಬಂದ ಗಂಡಿನ ಕಡೆಯವರಿಗೆ ಸುದ್ದಿ ಮುಟ್ಟಿ, ಹುಡುಗಿ ಆರೋಗ್ಯವಾಗಿದ್ದಾಳೆಂದು ಡಾಕ್ಟರು ಬರೆದುಕೊಟ್ಟರಷ್ಟೇ ಮುಂದಿನ ಮಾತು ಅಂದಿದ್ದರು.

"ಅದಕ್ಕೇ ಒಂದು ಸರ್ಟಿಫಿಕೇಟ್ ಬೇಕು," ಎಂದಳು ಊರ್ಮಿಳಾ.

ಡಾಕ್ಟರು ಅವಳ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದರು. ನೂರೈವತ್ತು. ಅವರ ಹುಬ್ಬು ಗಂಟಿಕ್ಕಿತು. ಮುಂದಿನ ಶನಿವಾರವೂ ಅಷ್ಟೇ, ಅದರ ಮುಂದಿನ ಶನಿವಾರ ಇನ್ನೂ ಹೆಚ್ಚು.

"ಉಪ್ಪಿನಕಾಯಿ ಬಿಟ್ರಾ?"

"ಹಪ್ಪಳಾನೂ ಬಿಟ್ಟೆ. ಇನ್ನು ಊಟವೊಂದು ಬಾಕಿ."

ಅವರು ನಕ್ಕರೆ ಕೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ಹಾಳಾದ್ದು, ಅದನ್ನು ನೋಡಬಾರದು ಅಂದುಕೊಂಡಷ್ಟೂ ಅಲ್ಲೇ ಕಣ್ಣು. ಆದರೆ ಒಳಗೆ ಹೆದರಿಕೆ ಕೊರೆಯುತ್ತಿತ್ತು. ಉಳಿದೊಂದು ಕಿಡ್ನಿಗೂ ಏನಾದರೂ ಆಗಿದ್ದರೆ?

"ಅಣ್ಣನಿಗೆ ಮಾತ್ರ ಹೇಳ್ಬೇಡಿ ಸಾರ್. ನನ್ನಿಂದಾನೇ ಹಿಂಗಾಯ್ತು ಅಂತ ಕೊರಗಿ ಸಾಯ್ತಾನೆ," ಎಂದು ಕಣ್ಣೊರೆಸಿಕೊಂಡಳು. ಡಾಕ್ಟರು ತಮ್ಮ ಕರವಸ್ತ್ರ ಕೊಟ್ಟರು. ಅದನ್ನವಳು ಹಿಂದಿರುಗಿಸಲಿಲ್ಲ.

ನಾಲ್ಕನೇ ಶನಿವಾರ ಡಾಕ್ಟರು ಬರುವುದು ತಡವಾಯಿತು. ನರ್ಸ್ ರಾಮಕ್ಕ ತಾನೇ ಬಿಪಿ ನೋಡಿದಳು. ನೂರ ಹದಿನೆಂಟು! ಅಷ್ಟರಲ್ಲಿ ಓಡೋಡಿ ಬಂದ ಡಾಕ್ಟರು ನಂಬದೆ ಮತ್ತೆ ಪಟ್ಟಿ ಸುತ್ತಿದರು. ನೂರೈವತ್ತಾರು.

ರಾಮಕ್ಕ ಇಬ್ಬರ ಮುಖವನ್ನೂ ನೋಡಿದಳು.

"ಅಲ್ಲ ಸಾರ್, ನಾನು ಇಡಿದ್ರೆ ಅಂಗೆ, ನೀವು ಇಡಿದ್ರೆ ಇಂಗೆ. ಇದು ಕಿಡ್ನಿ ಕಾಯಿಲೆ ಅಲ್ಲ ಬುಡಿ!"

ಅಯ್ಯೋ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಊರ್ಮಿಳಾಗೆ. ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಡಾಕ್ಟರು ಕುರ್ಚಿಯಲ್ಲಿ ಕೂತು, ತಮ್ಮ ಅಂಗಿಯ ತೋಳು ಮಡಚಿದರು.

"ರಾಮಕ್ಕ, ನಂದೂ ಒಂಚೂರು ನೋಡಿ."

ರಾಮಕ್ಕ ನೋಡಿದಳು. "ಶಿವನೇ! ನೂರರವತ್ತು!"

ಊರ್ಮಿಳಾ ಸೆರಗು ಸರಿಸಿ ನೋಡಿದಳು. ಡಾಕ್ಟರ ಕಿವಿ ಕೆಂಪಾಗಿತ್ತು. ರಾಮಕ್ಕ ಕಾಫಿ ತರುತ್ತೇನೆಂದು ನಗುತ್ತಾ ಹೊರಬಿದ್ದಳು.

ಡಾಕ್ಟರು ಸರ್ಟಿಫಿಕೇಟ್ ಬರೆದು ಕೈಗಿಟ್ಟರು. "ನಿಮಗೆ ಏನೂ ಆಗಿಲ್ಲ. ಇದನ್ನ ಯಾರಿಗೆ ಕೊಡ್ತೀರೋ ನಿಮ್ಮಿಷ್ಟ. ನಮ್ಮ ಜಿಗಣಿ ಮನೇಲಿ ಮಾತ್ರ ಯಾರೂ ಇದನ್ನ ಕೇಳಲ್ಲ."

ಊರ್ಮಿಳಾ ಕಾಗದವನ್ನು ಎರಡು ಸಲ ಓದಿ ಮಡಚಿದಳು.

"ಇದು ನಮ್ಮಣ್ಣನಿಗೆ. ಅವನು ನೆಮ್ಮದಿಯಾಗಿರ್ಲಿ. ಆನೇಕಲ್‌ನೋರಿಗೆ ಅಮ್ಮನೇ ಏನಾದ್ರೂ ಹೇಳ್ತಾಳೆ. ಬೊಂಬಾಯಿ ಇದ್ದೇ ಇದೆಯಲ್ಲ!"

ಎರಡು ವರ್ಷದ ಮೇಲೆ ಡಾಕ್ಟರ ಹೊಸ ಲೇಖನ ಅಚ್ಚಾಯಿತು. ಕಿಡ್ನಿ ಕೊಟ್ಟವರು ಮೂವತ್ತೊಂಬತ್ತೇ ಜನ. ಇಪ್ಪತ್ತಮೂರು ಇರಲೇ ಇಲ್ಲ.

"ಮತ್ತೆ ನನ್ನ ಕಾಣೆ ಮಾಡಿದ್ರಾ?" ಊರ್ಮಿಳಾ ಸೌಟು ಹಿಡಿದೇ ಬಂದಳು.

"ಬರೆಯೋನ ಹೆಂಡ್ತೀನ ಸೇರಿಸೋ ಹಾಗಿಲ್ಲ ಕಣೇ," ಎಂದು ರಾಮಾಂಜಿನಪ್ಪ ಬಿಪಿ ಪಟ್ಟಿಗೆ ಕೈಹಾಕಿದರು. "ತೋಳು ಕೊಡು, ನೋಡೋಣ."

ನೂರೈವತ್ತು.