ಹೊಸಬನಿಗೊಂದು ಕೋವಿ

ತಲಘಟ್ಟಪುರದ ಸಪೋಟ ತೋಟವನ್ನು ಚಿಕ್ಕಬೈರಪ್ಪ ತೀರಿಹೋದ ತನ್ನ ತಂಗಿಯ ಮಗ ಮೋಹಿತನಿಗೆ ಬರೆದುಕೊಡುತ್ತಾನಂತೆ, ಅದೂ ಅವನ ಮದುವೆಯ ದಿನವೇ. ಸುದ್ದಿ ಕೇಳಿದ ಮೇಲೆ ಪದ್ಮನಾಭನಗರದ ಪ್ರಸನ್ನನಿಗೆ ಮೂರು ದಿನ ಅನ್ನ ಸೇರಲಿಲ್ಲ. ಹೆಂಡತಿ, ಮಕ್ಕಳಿಲ್ಲದ ಚಿಕ್ಕಪ್ಪನಿಗೆ, ಅಣ್ಣನ ಮಗ ಒಬ್ಬನಿದ್ದಾನೆ ಎಂಬುದೇ ಮರೆತುಹೋಯಿತೇ? ಅಪ್ಪನ ಸಮಾಧಿ ಇರುವುದು ಆ ತೋಟದಲ್ಲಿ. ಮೋಹಿತನೋ, ಅಲ್ಲಿ ಅಪಾರ್ಟ್‌ಮೆಂಟ್ ಎಬ್ಬಿಸುವ ಮಾತನ್ನು ಈಗಲೇ ಆಡುತ್ತಿದ್ದ. ಅಪ್ಪನ ಎದೆಯ ಮೇಲೆ ಯಾರದೋ ಕಾರು ನಿಲ್ಲುತ್ತದೆ ಎಂದು ನೆನೆದಾಗಲೆಲ್ಲ ಪ್ರಸನ್ನನ ಹೊಟ್ಟೆ ಉರಿಯುತ್ತಿತ್ತು.

ಮದುವೆಗೆ ಮೊದಲೇ ಚಿಕ್ಕಪ್ಪ ಸಾಯಬೇಕು, ಕೊಂದವನು ಮೋಹಿತನೆಂದಾಗಬೇಕು. ಕೊಂದವನಿಗೆ ಸತ್ತವನ ಆಸ್ತಿ ಸೇರುವುದಿಲ್ಲ; ಉಳಿಯುವ ವಾರಸುದಾರ ತಾನೊಬ್ಬನೇ.

ಪ್ರಸನ್ನ ಹತ್ತು ವರ್ಷದಿಂದ, ಗಾಳಿಗೆ ಚಿಮ್ಮುವ ಮಣ್ಣಿನ ಬಿಲ್ಲೆಗಳಿಗೆ ಗುರಿಯಿಟ್ಟು ಪದಕ ಗೆದ್ದವನು. ಮೋಹಿತನಿಗೆ ಆ ಹುಚ್ಚು ಹಿಡಿಸುವುದು ಕಷ್ಟವಾಗಲಿಲ್ಲ. ಓಡಾಡಿ ಲೈಸೆನ್ಸ್ ಮಾಡಿಸಿದ, ಕೋವಿ ಅಂಗಡಿಗೂ ತಾನೇ ಕರೆದೊಯ್ದ.

"ಅಣ್ಣ, ಈ ಪಂಪ್ ಗನ್ ಸಖತ್ತಾಗಿದೆ. ಇದೇ ತಗೊಳ್ಲಾ?"

"ಬೇಡ ಮಗಾ. ಹೊಸಬರಿಗೆ ಮಡಿಸೋ ಗನ್ನೇ ಸರಿ, ಮೇಲೊಂದು ಕೆಳಗೊಂದು ನಳಿಗೆ. ಮಡಿಸಿದ್ರೆ ತುಂಬಿದ್ಯೋ ಖಾಲಿ ಇದ್ಯೋ ಎಲ್ರಿಗೂ ಕಾಣ್ಸುತ್ತೆ. ಸ್ವಲ್ಪ ತೂಕ ಇರ್ಲಿ, ಭುಜಕ್ಕೆ ಏಟು ಕಮ್ಮಿ."

ಹಿಡಿಯ ಬುಡವನ್ನು ಮೋಹಿತನ ಮೊಣಕೈ ಮಡಿಕೆಗೆ ಒತ್ತಿ, ಬೆರಳು ಟ್ರಿಗರ್‌ಗೆ ಸರಿಯಾಗಿ ಎಟಕುತ್ತದೆಯೇ ಎಂದು ನೋಡಿದ. ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಇಷ್ಟು ಕಾಳಜಿಯ ಅಣ್ಣ ಯಾರಿಗೆ ಸಿಗುತ್ತಾನೆ ಎಂದು ಅಂಗಡಿಯವನೇ ಮೆಚ್ಚಿಕೊಂಡ. ಕೊನೆಗೆ ಆರಿಸಿದ್ದು ತನ್ನ ಬಳಿ ಇದ್ದದ್ದೇ: ಅದೇ ಕಂಪನಿ, ಅದೇ ಹನ್ನೆರಡು ಬೋರು.

ಮೈಯೊಳಗೆ ಹೊಕ್ಕ ಚರೆಗಳು ಯಾವ ನಳಿಗೆಯಿಂದ ಬಂದವೆಂದು ಹೇಳುವುದಿಲ್ಲ. ಹೇಳುವುದು ಚರೆ ತುಂಬಿದ್ದ ಕವಚ, ಖಾಲಿ ತೋಟಾ; ಅದರ ತಳದಲ್ಲಿ ಕೋವಿಯ ಮೊಳೆ ಕುಟ್ಟಿದ ಗುರುತು ಉಳಿಯುತ್ತದೆ. ಅಭ್ಯಾಸದ ಮೈದಾನದಲ್ಲಿ ಮೋಹಿತ ಹಾರಿಸಿದ ಒಂದು ತೋಟಾವನ್ನು ಪ್ರಸನ್ನ ಕರವಸ್ತ್ರದಲ್ಲಿ ಎತ್ತಿಟ್ಟುಕೊಂಡ. ತನ್ನ ಕೋವಿಯಿಂದ ಹೊಡೆದು, ತನ್ನ ತೋಟಾ ಜೇಬಿಗಿಳಿಸಿ, ಇದನ್ನು ಅಲ್ಲಿ ಬಿಟ್ಟು ಬಂದರೆ ಮುಗಿಯಿತು. ಚಿಕ್ಕಪ್ಪ ತೋಟದ ವಿಷಯದಲ್ಲಿ ಮನಸ್ಸು ಬದಲಾಯಿಸಿದ್ದಾನೆ, ಮೋಹಿತ ಕುದಿಯುತ್ತಿದ್ದಾನೆ ಎಂಬ ಮಾತನ್ನು ನೆಂಟರ ಕಿವಿಗೆ ಆಗಲೇ ಹಾಕಿಯಾಗಿತ್ತು.

ದಿನವನ್ನೂ ಯೋಚಿಸಿಯೇ ಗೊತ್ತುಮಾಡಿದ. ಚುನಾವಣೆಯ ವಾರ, ಪೊಲೀಸರೆಲ್ಲ ಬಂದೋಬಸ್ತಿನಲ್ಲಿ ಹೈರಾಣಾಗಿರುತ್ತಾರೆ. ಮೋಹಿತ ಎರಡು ವಾರದಿಂದ ಅಭ್ಯಾಸಕ್ಕೂ ಬಂದಿರಲಿಲ್ಲ. "ಎಲೆಕ್ಷನ್ ಮುಗೀಲಿ ಅಣ್ಣ, ಆಮೇಲೆ ಬರ್ತೀನಿ" ಎಂದಿದ್ದ. ಯಾವುದೋ ಪಕ್ಷದ ಬಾವುಟ ಹಿಡಿದು ಅಲೆಯುತ್ತಿರಬೇಕೆಂದು ಪ್ರಸನ್ನ ಒಳಗೇ ನಕ್ಕಿದ್ದ.

ಬೆಳಿಗ್ಗೆ ಆರೂವರೆ. ಮೋಹಿತ ದಿನದಂತೆ ಒಬ್ಬನೇ ಓಡಲು ಹೋಗಿದ್ದ. ತೋಟದಲ್ಲಿ ಗಿಡಗಳಿಗೆ ನೀರು ಬಿಡುತ್ತಿದ್ದ ಚಿಕ್ಕಬೈರಪ್ಪ ತಿರುಗಿ ನೋಡಿದ.

"ಏನಪ್ಪಾ ಪ್ರಸನ್ನ, ಇಷ್ಟೊತ್ತಿಗೇ? ಕಾಫಿ ಆಯ್ತಾ?"

ಪ್ರಸನ್ನ ಕೋವಿ ಎತ್ತಿದ. ಆಮೇಲೆ ಎಲ್ಲ ಅಂದುಕೊಂಡ ಹಾಗೇ ಆಯಿತು.

ಆರನೆಯ ದಿನ ಸಬ್ ಇನ್ಸ್‌ಪೆಕ್ಟರ್ ಸಂಗೀತಾ ಪದ್ಮನಾಭನಗರದ ಮನೆಗೆ ಬಂದರು. ಸೋಫಾದ ತುದಿಯಲ್ಲಿ ಕೂತು ನೀರು ಕುಡಿದರು. "ರಿಪೋರ್ಟ್ ಬಂತು ಸಾರ್. ಅಲ್ಲಿ ಸಿಕ್ಕ ತೋಟಾ ನಿಮ್ಮ ತಮ್ಮ ಮೋಹಿತ್ ಗನ್ನಿಂದೇ." ಪ್ರಸನ್ನ ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡ. ಇದನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ. "ನಾನೇ ಆರಿಸಿ ಕೊಡಿಸಿದ್ದು ಮೇಡಂ," ಎಂದ.

"ಅದೇ ನೋಡಿ ತಲೆನೋವು," ಎಂದರು ಸಂಗೀತಾ. "ಎಲೆಕ್ಷನ್ ಅಂದ್ರೆ ಲೈಸೆನ್ಸ್ ಇರೋರೆಲ್ಲ ಗನ್ ತಂದು ಸ್ಟೇಷನ್‌ಗೆ ಒಪ್ಪಿಸ್ಬೇಕು. ಕಾಂಪಿಟೇಷನ್ ಆಡೋರಿಗೆ ಮಾತ್ರ ವಿನಾಯಿತಿ, ಹೊಸಬ್ರಿಗೆ ಇಲ್ಲ. ಕೊಲೆ ಆದ ದಿನಕ್ಕೆ ಮೋಹಿತ್ ಗನ್ನು ನಮ್ಮ ಬೀರು ಸೇರಿ ಹದಿನಾರು ದಿನ ಆಗಿತ್ತು." ಹತ್ತು ವರ್ಷದಿಂದ ಪ್ರತಿ ಚುನಾವಣೆಗೂ ವಿನಾಯಿತಿ ಪತ್ರ ತಾನಾಗಿ ಮನೆಗೆ ಬರುತ್ತಿದ್ದ ಪ್ರಸನ್ನನಿಗೆ ಅಂಥದೊಂದು ನಿಯಮವಿದೆ ಎಂಬುದೇ ಮರೆತಿತ್ತು. ಸಂಗೀತಾ ಲೋಟ ಕೆಳಗಿಟ್ಟರು. "ಅವ್ರು ಹಾರಿಸಿದ ತೋಟಾ ಎತ್ಕೊಳ್ಳೋಕೆ ಜೊತೆಗಿದ್ದೋರಲ್ಲಿ, ಹೊರಗಡೆ ಉಳಿದಿರೋ ಅಂಥ ಗನ್ನು ನಿಮ್ದೊಂದೇ ಸಾರ್. ಸ್ವಲ್ಪ ತರ್ತೀರಾ?"