ಧಾರೆಯ ವಾಚು

“ನನ್ನಪ್ಪ ಧಾರೆಗೆ ಕೊಟ್ಟ ವಾಚು ಕಣೇ! ಅದರ ಹೊಟ್ಟೆ ಬಗೆದು ಯಾರಿಗೆ ಮಾರ್ಕೊಂಡೆ?”

ಅತ್ತೆ ಭಾರತಮ್ಮನ ಕೂಗಿಗೆ ಸುನಂದ ಒದ್ದೆ ಕೈಯಲ್ಲೇ ಅಡುಗೆಮನೆಯಿಂದ ಹೊರಬಂದಳು. ನಡುಮನೆಯಲ್ಲಿ ಮೈದುನ ಗೋಪಿ ಹಳೆಯ ಎಚ್‌ಎಂಟಿ ವಾಚಿನ ಹಿಂಬದಿ ಮುಚ್ಚಳ ತೆಗೆದು ಕೂತಿದ್ದ. ಕೋಲಾರದ ಕಾಲೇಜಿನಲ್ಲಿ ಪಾಠ ಹೇಳುವ ಅವನಿಗೆ ಹಳೆಯ ವಾಚು ಸಂಗ್ರಹಿಸುವ ಹವ್ಯಾಸ. ತೀರಿಕೊಂಡ ಅಪ್ಪನ ವಾಚನ್ನು ಪ್ರದರ್ಶನಕ್ಕಿಡುವ ಆಸೆಯಿಂದ ಊರಿಗೆ ಬಂದಿದ್ದ. “ಡಯಲ್ಲು, ಕೇಸು ಎರಡೇ ಅಸಲಿ ಅಮ್ಮ. ಮುಳ್ಳು, ಒಳಗಿನ ಚಕ್ರ ಎಲ್ಲ ಬೇರೆ ವಾಚುಗಳದ್ದು” ಎಂದುಬಿಟ್ಟಿದ್ದ.

ಶ್ರೀನಿವಾಸಪುರದ ಬಸ್ ಸ್ಟ್ಯಾಂಡ್ ಹತ್ತಿರದ ವಾಚು ರಿಪೇರಿ ಅಂಗಡಿಯನ್ನು ಮಾವ ಹೋದ ಮೇಲೆ ನಡೆಸುತ್ತಿದ್ದವಳು ಸುನಂದ. ಮಾವ ಕೋದಂಡರಾಮಪ್ಪನವರೇ ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕಲಿಸಿದ್ದರು. ಅಂಗಡಿ ಬಿಟ್ಟರೆ ಅವಳದೆನ್ನುವುದು ಬೇರೇನೂ ಇರಲಿಲ್ಲ.

“ಈ ಮನೇಲಿ ಆ ಕೆಲಸ ಬರೋಳು ನೀನೊಬ್ಳೇ. ಬಾಯಿ ಬಿಡೇ!”

ಸುನಂದಳಿಗೆ ಮಾವನ ಮಾತು ನೆನಪಾಯಿತು. ಮದುವೆಗಳ ಕಾಲದಲ್ಲಿ ಬೆಂಗಳೂರಿನಿಂದ ಬಿಡಿಭಾಗ ಬರುವುದು ತಡವಾದಾಗಲೆಲ್ಲ ಅವರು ತಮ್ಮ ವಾಚಿನದನ್ನೇ ಬಿಚ್ಚಿ ಗಿರಾಕಿಯ ವಾಚಿಗೆ ಹಾಕುತ್ತಿದ್ದರು. “ಮುಹೂರ್ತಕ್ಕೆ ಗಂಡಿನ ಕೈಲಿ ವಾಚು ನಿಂತಿರಬಾರ್ದಮ್ಮ. ನಿಮ್ಮತ್ತೆಗೆ ಮಾತ್ರ ಹೇಳ್ಬೇಡ. ಅವಳ ತವರಿನದು... ತಡ್ಕೊಳ್ಳಲ್ಲ.”

ಗೋಪಿ ಭೂತಗನ್ನಡಿಯನ್ನು ಮುಚ್ಚಳದ ಒಳಬದಿಗೆ ಹಿಡಿದ. ಭಾಗ ಬದಲಿಸಿದಾಗಲೆಲ್ಲ ರಿಪೇರಿಯವರು ಸೂಜಿಯಲ್ಲಿ ಗೀಚಿಡುವ ತಾರೀಖುಗಳು. ಅಪ್ಪನದೇ ಅಕ್ಷರ. ಮೊದಲನೆಯದು 14-5-96. ಅತ್ತಿಗೆ ಈ ಮನೆ ತುಂಬಿದ್ದು 2008ರಲ್ಲಿ!

“ಅಮ್ಮ, ಇಲ್ಲಿ...”

ಸುನಂದ ಅವನ ಕೈಯಿಂದ ಮುಚ್ಚಳ ತೆಗೆದುಕೊಂಡು ವಾಚಿಗೆ ಒತ್ತಿ ಕೂರಿಸಿದಳು.

“ಹೌದು ಅತ್ತೆ. ನಾನೇ ಬದಲಾಯಿಸ್ದೆ.”

ಭಾರತಮ್ಮ ಕುಸಿದು ಕೂತರು. “ಸಾಯೋ ದಿನದವರೆಗೂ ಅವರು ಅದನ್ನ ಕೈಯಿಂದ ಬಿಚ್ಚಲಿಲ್ಲ ಕಣೇ... ನಿನಗೆ ಹೆಂಗೆ ಮನಸು ಬಂತು? ಇಡು, ಅಂಗಡಿ ಬೀಗದಕೈ ಇಲ್ಲಿಡು! ನಾಳೆಯಿಂದ ಆ ಮೆಟ್ಟಿಲು ಹತ್ಬೇಡ.”

ಬಾಗಿಲಲ್ಲಿ ನಿಂತಿದ್ದ ಗಂಡ ವೆಂಕಟ್ ಚಪ್ಪಲಿ ಮೆಟ್ಟಿ ಹೊರಗೆ ಹೋದ. ಸುನಂದ ಸೆರಗಿನ ಗಂಟಿನಿಂದ ಬೀಗದಕೈ ಬಿಚ್ಚಿ ನೆಲದ ಮೇಲಿಟ್ಟಳು.

ಗೋಪಿ ಅವಳ ಹಿಂದೆಯೇ ಹಿತ್ತಲಿಗೆ ಬಂದ. “ಅತ್ತಿಗೆ, ಯಾಕೆ ಒಪ್ಕೊಂಡ್ರಿ? ನಾನು ಹೇಳ್ತೀನಿ...”

“ಹೇಳಿದ್ರೆ ನಂಗೆ ಅಂಗಡಿ ಸಿಗುತ್ತೆ. ಅತ್ತೆಗೇನು ಉಳಿಯುತ್ತೆ ಗೋಪಿ? ನನ್ನನ್ನ ಬೈಕೊಂಡಾದ್ರೂ ಇರ್ಲಿ. ಹೋದೋರನ್ನ ಬೈಯೋ ಹಂಗಾಗೋದು ಬೇಡ.”

ಮರುವಾರ ಮಾವಿನ ಮಂಡಿಗಳು ತೆರೆದವು. ಹಣ್ಣು ವಿಂಗಡಿಸುವ ಹೆಂಗಸರ ಸಾಲಿನಲ್ಲಿ ಸುನಂದ ಕೂತಳು. ಪರಿಚಯದ ಗಿರಾಕಿಯೊಬ್ಬ ನಿಂತುಹೋದ ವಾಚು ಚಾಚಿದ. “ಇಲ್ಲೇ ಒಂಚೂರು ನೋಡಮ್ಮ.”

“ಕೋಲಾರಕ್ಕೆ ತಗೊಂಡೋಗಣ್ಣ,” ಎಂದು ಅವಳು ಮುಂದಿನ ಕ್ರೇಟ್ ಎಳೆದುಕೊಂಡಳು.