ಎರಡು ಸಾಲಿನ ಲಾಕ್

ನಡುವೆ ನಿಂತ ಮಾತನ್ನು ಮತ್ತೆ ಎತ್ತಿಕೊಳ್ಳುವ ಧೈರ್ಯ ಅವನಿಗಿರಲಿಲ್ಲ.

ಕಂಪ್ಯೂಟರ್ ವ್ಯವಸ್ಥೆಯ ತಿರುಳಾದ ಕರ್ನಲ್‌ಗೆ ಅವನು ಬರೆದ ಮಾಡ್ಯೂಲ್‌ಗೂ ಅದೇ ರೋಗ. ಕಾರ್ಖಾನೆಯ ಬೆಲ್ಟ್ ಮೇಲೆ ಸಾಗುವ ಚೀಲದ ತೂಕ ಬರೆದಿಟ್ಟು, ಆಮೇಲೆ ಎಣಿಕೆಗೆ ಒಂದು ಸೇರಿಸುವುದು ಅದರ ಕೆಲಸ. ಹೊಸ ಕರ್ನಲ್‌ನಲ್ಲಿ ಆ ಎರಡು ಹೆಜ್ಜೆಗಳ ನಡುವೆಯೇ ಬೇರೊಂದು ಕೆಲಸ ನುಗ್ಗಿ, ಅದೇ ಜಾಗದಲ್ಲಿ ಇನ್ನೊಂದು ತೂಕ ಬರೆದುಬಿಡುತ್ತಿತ್ತು. ಒಂದು ಚೀಲ ಲೆಕ್ಕದಿಂದಲೇ ಮಾಯ. ಅದನ್ನು ಸರಿಪಡಿಸಲು ಪಕ್ಕದ ತಂಡದಿಂದ ಅವಳು ಕುರ್ಚಿ ಸಮೇತ ಬಂದಿದ್ದಳು. ದಿನ ಕಳೆದಂತೆ ಕುರ್ಚಿ ಅವನ ಹತ್ತಿರ ಸರಿದಿತ್ತು.

“ಪಂಡಿತರೇ, ಕೋಡಿನ ಇಡೀ ಫಂಕ್ಷನ್‌ಗೇ ಲಾಕ್ ಹಾಕಿದೀರಲ್ಲ?” ಬಗ್ಗಿದಾಗ ಅವಳ ಜಡೆ ಅವನ ಕೀಬೋರ್ಡಿನ ಮೇಲೆ ಬಿತ್ತು. ಅವನು ಸರಿಸಲಿಲ್ಲ.

“ಲಾಕ್ ಇದ್ರೆ ನಡುವೆ ಯಾರೂ ನುಗ್ಗಲ್ಲ ಅಲ್ವಾ.”

“ಒಂದು ಬೆಕ್ಕಿಗೆ ಹೆದರಿ ಊರ ಬಾಗಿಲೆಲ್ಲ ಮುಚ್ತಾರಾ? ತೂಕ, ಎಣಿಕೆ, ಈ ಎರಡು ಸಾಲು ಕಾಪಾಡು, ಸಾಕು. ಉಳಿದ ಕಡೆ ಬರೋರು ಬಂದು ಹೋಗ್ಲಿ.”

ಆಮೇಲೆ ಅವನನ್ನೇ ನೋಡಿದಳು. “ಅಣ್ಣ ಫೋನ್ ಮಾಡಿದ್ದ. ಮದುವೆಗೆ ನೋಡಿರೋ ಆ ಹುಡುಗನ ಮನೆಯವರಿಗೆ ಇವತ್ತೇ ಉತ್ತರ ಬೇಕಂತೆ. ಐದಕ್ಕೆ ಹೇಳ್ತೀನಿ ಅಂದಿದೀನಿ. ನಿಂಗೇನಾದ್ರೂ ಹೇಳೋದಿದ್ಯಾ?”

“ನಾನು ನಿನ್ನನ್ನ...”

ಮ್ಯಾನೇಜರ್ ಬಾಗಿಲಲ್ಲಿ ತಲೆ ಹಾಕಿದರು. “ಟೆಸ್ಟ್ ಶುರುವಾಯ್ತೇನಪ್ಪಾ?”

“ಮಾಡ್ತಿದೀನಿ ಸರ್.”

ತಲೆ ಮರೆಯಾಯಿತು. ಅವಳು ಹುಬ್ಬೆತ್ತಿ ಕಾದಳು. “ಏನೋ ಹೇಳ್ತಿದ್ದೆ.”

“ಟೆಸ್ಟ್ ಮುಗೀಲಿ. ನಿಧಾನವಾಗಿ ಹೇಳ್ತೀನಿ. ಆರಕ್ಕೆ ಮುಗಿಯುತ್ತೆ.”

“ನಾನು ಐದು ಅಂದೆ.”

ಅವನು ಎರಡೇ ಸಾಲಿಗೆ ಲಾಕ್ ಉಳಿಸಿ ಟೆಸ್ಟ್ ಓಡಿಸಿದ.

ಐದಕ್ಕೆ ಅವಳ ಫೋನ್ ಬಡಿದುಕೊಂಡಿತು. ಗಾಜಿನ ಬಾಗಿಲಾಚೆ ಹೋಗಿ, ಕಿವಿಗೆ ಫೋನ್ ಹಿಡಿದು ಅವನ ಕಡೆ ನೋಡಿದಳು. ಅವನು ಎದ್ದು ಹೋಗಬಹುದಿತ್ತು. ಸ್ಕ್ರೀನ್ ನೋಡಿದ. ಅಣ್ಣನಿಗೆ ಕಾಣುತ್ತದೇನೋ ಎಂಬಂತೆ ಅವಳು ಹೂಂ ಎಂದು ತಲೆಯಾಡಿಸಿದಳು.

ಒಳಗೆ ಬಂದು ನೀರಿನ ಬಾಟಲಿ ಬ್ಯಾಗಿಗೆ ಹಾಕಿಕೊಂಡಳು. “ಒಪ್ಕೊಂಡೆ. ಒಳ್ಳೆಯವನಂತೆ. ಮಾತು ಸ್ವಲ್ಪ ಜಾಸ್ತಿಯಂತೆ.”

“ಒಳ್ಳೇದಾಯ್ತು.”

“ಆಯ್ತಾ?”

ಅವಳು ಕುರ್ಚಿಯನ್ನು ತಾನೇ ತಳ್ಳಿಕೊಂಡು ತನ್ನ ತಂಡದ ಕಡೆ ಹೊರಟಳು. ಒಂದು ಚಕ್ರ ದಾರಿಯುದ್ದಕ್ಕೂ ಕಿರುಗುಟ್ಟಿತು.

ಆರಕ್ಕೆ ಟೆಸ್ಟ್ ಮುಗಿಯಿತು. ಲೆಕ್ಕವಿಲ್ಲದಷ್ಟು ಸಲ, ಆ ಎರಡು ಸಾಲಿನ ಹೊರಗೆ, ಬೇರೆ ಕೆಲಸಗಳು ನಡುವೆ ನುಗ್ಗಿದ್ದವು. ಪ್ರತಿ ಸಲವೂ ಮಾಡ್ಯೂಲ್ ಬಿಟ್ಟಲ್ಲಿಂದಲೇ ಮುಂದುವರಿದಿತ್ತು. ಟೆಸ್ಟಿನಲ್ಲಿ ಹಾದುಹೋದ ಹುಸಿ ಚೀಲ, ಹತ್ತು ಲಕ್ಷ. ಕಳೆದದ್ದು, ಸೊನ್ನೆ.